ಬಕೆಟ್ಟಿನಲ್ಲಿ ಗಟ್ಟಿಯಾದ ಆಲ್ಕೋಹಾಲ್

ಅಲ್ಲ ಕಣೇ, ನಿನ್ನ ಚಿಕ್ಕಜ್ಜಿ ಕಾಲೇಜಿನಲ್ಲಿ ಪಾಠ ಹೇಳುತ್ತಿರಲಿಲ್ಲ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸೀಸೆ ಎತ್ತಿಕೊಡುವ ಕೆಲಸ ಅವಳದು. ಸರಿಯಾಗಿ ಬರೆದುಕೊ. ನನ್ನ ತಂಗಿಗೆ ಧೂಳು ಕಂಡರೆ ಮೈ ಉರಿಯುತ್ತಿತ್ತು. ಅಪ್ಪ ಪೇಪರ್ ಓದುತ್ತಾ ಕೂತಿದ್ದರೂ ಅವರ ಕಾಲೆತ್ತಿಸಿ ಒರೆಸುತ್ತಿದ್ದಳು. ಅದಿರಲಿ.

ಕೆಲಸ ಕಾಯಂ ಆಗಲು ಇನ್ನೆರಡೇ ದಿನ. ಬೇಸಿಗೆಯ ಮಧ್ಯಾಹ್ನ. ಕಪಾಟಿನ ಸೀಸೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಉಜ್ಜಿದಳು; ಎರಡು ಚೀಟಿಗಳ ಮಸಿ ಅಳಿಸಿಹೋಯಿತು. ಒಂದರಲ್ಲಿ ನಾರ್ಮಲ್ ಬ್ಯುಟೈಲ್ ಆಲ್ಕೋಹಾಲ್, ಇನ್ನೊಂದರಲ್ಲಿ ಟರ್ಷಿಯರಿ ಬ್ಯುಟೈಲ್ ಆಲ್ಕೋಹಾಲ್. ಎರಡೂ ನೀರಿನಂತೆ ತಿಳಿ.

ಲ್ಯಾಬಿನ ಮೇಡಂ ಹಣೆ ಚಚ್ಚಿಕೊಂಡರು. "ಏನಮ್ಮಾ, ಸೀಸೆಗೂ ಸ್ನಾನ ಮಾಡಿಸ್ತೀಯಾ? ನಾಳೆ ಹುಡುಗರ ಪರೀಕ್ಷೆಗೆ ಇವು ಬೇಕು. ಇಂಥೋರನ್ನ ಕಾಯಂ ಮಾಡಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

 ಇವಳು ಅಂದಳಂತೆ, "ಮೇಡಂ, ಚಳಿಗಾಲದಲ್ಲಿ ಟರ್ಷಿಯರಿ ಕಲ್ಲಿನ ಹಾಗೆ ಕೂತ್ಬಿಡೋದು. ಬಿಸಿನೀರಲ್ಲಿಟ್ಟು ಕರಗಿಸಿ ಕೊಡ್ತಿದ್ದೆ. ಇನ್ನೊಂದು ಯಾವತ್ತೂ ಹಟ ಮಾಡಿಲ್ಲ. ಅರ್ಧ ಗಂಟೆ ಕೊಡಿ."

ಐಸ್ ಹಾಕಿದ ಬಕೆಟ್ಟಿನಲ್ಲಿ ಎರಡನ್ನೂ ನಿಲ್ಲಿಸಿ ಕಣ್ಣು ಮಿಟುಕಿಸದೆ ಕೂತಳು. ಸ್ವಲ್ಪ ಹೊತ್ತಿಗೆ ಒಂದರಲ್ಲಿ ಸೂಜಿ ಸೂಜಿಯಾಗಿ ಹರಳು ಕಟ್ಟತೊಡಗಿತು.

"ಕಣ್ಣಲ್ಲಿ ಕಂಡಿದ್ದು ಸಾಲ್ದು," ಎಂದು ಮೇಡಂ ಅದನ್ನು ಕರಗಿಸಿ, ಎರಡರಿಂದಲೂ ತುಸು ತೆಗೆದು, ಗಾಢವಾದ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಕುಲುಕಿದರು. ಹರಳು ಕಟ್ಟಿದ್ದು ಕದಡಿ, ಮೇಲೆ ಬೇರೆ ಪದರವಾಗಿ ನಿಂತಿತು. ಇನ್ನೊಂದು ಕಮಕ್ ಕಿಮಕ್ ಅನ್ನಲಿಲ್ಲ. ಆ ಆಮ್ಲಕ್ಕೆ ಹಾಗೆ ಬೇಗ ಕದಡುವುದು ಟರ್ಷಿಯರಿಯೇ ಅಂತೆ.

"ಯಾಕೆ ಮೇಡಂ ಹೀಗೆ? ಒಂದೇ ಮನೆತನದವಲ್ವಾ?" ಇವಳಿಗೆ ಕೆಲಸ ಹೋಗುವ ಭಯಕ್ಕಿಂತ ಕುತೂಹಲವೇ ದೊಡ್ಡದಾಗಿತ್ತು.

ಮೇಡಂ ನಕ್ಕರು. "ಸಾಮಾನು ಒಂದೇ, ಜೋಡಣೆ ಬೇರೆ. ನಾರ್ಮಲ್‌ನಲ್ಲಿ ನಾಲ್ಕು ಇಂಗಾಲ ಸಾಲಾಗಿ, ಕಡ್ಡಿ ಥರ. ಟರ್ಷಿಯರಿಯಲ್ಲಿ ಒಂದನ್ನ ಮೂರು ಸುತ್ತುವರಿದಿವೆ. ಗುಂಡಗಿರೋದ್ರಿಂದ ಒತ್ತೊತ್ತಾಗಿ ಕೂತು ಬೇಗ ಗಟ್ಟಿಯಾಗುತ್ತೆ. ಎಣ್ಣೆ ಕಮಟಾಗದ ಹಾಗೆ ಹಾಕೋ ಕೆಲವು ವಸ್ತುಗಳಲ್ಲೂ ಇಂಥ ನಾಲ್ಕು ಇಂಗಾಲದ ದಪ್ಪ ಗುಂಪೇ ಅಡ್ಡ ನಿಂತು ಕಾಯುತ್ತೆ."

ಮೂರನೇ ದಿನ ಕಾಯಂ ಆದ ಕಾಗದ ಬಂತು. ಅವತ್ತಿನಿಂದ ನಿನ್ನ ಚಿಕ್ಕಜ್ಜಿ ಚೀಟಿಯನ್ನೆಲ್ಲ ಪೆನ್ಸಿಲಿನಲ್ಲೇ ಬರೆದಳು; ನೀರು ಬಿದ್ದರೂ ಅದು ಅಳಿಸಿಹೋಗುವುದಿಲ್ಲವಲ್ಲ. ಈಗ ಏಳು, ಪೆನ್ಸಿಲ್ ತಗೊಂಡು ಹೋಗಿ ಅಡುಗೆಮನೆಯ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಎರಡಕ್ಕೂ ಚೀಟಿ ಅಂಟಿಸಿ ಬಾ. ರುಚಿ ನೋಡಿಯೇ ಬರಿ, ಆಯ್ತಾ?