ಎಲ್ಲ ಓದಿಸುತ್ತಿದ್ದ ಗುಲಾಬಿಯಕ್ಕ

ಗುಲಾಬಿಯಕ್ಕನಿಗೆ ಓದಲು ಬರುತ್ತಿರಲಿಲ್ಲ. ಆದರೆ ಹೆಮ್ಮಾಡಿಯ ನನ್ನ ಮೆಡಿಕಲ್ ಅಂಗಡಿಯಲ್ಲಿ ನನ್ನಿಂದ ಅವರಷ್ಟು ಓದಿಸಿದವರು ಬೇರೆ ಯಾರೂ ಇಲ್ಲ. ಬೆಳಗಿನ ಮೀನು ಮಾರಿ ಮುಗಿಸಿ, ಬುಟ್ಟಿಯನ್ನು ಮೆಟ್ಟಿಲ ಕೆಳಗೆ ಕವುಚಿ ಹಾಕಿ, ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಒಳಗೆ ಬರುತ್ತಿದ್ದರು. ಜ್ವರದ ಮಾತ್ರೆ ಕೊಟ್ಟು "ಬೆಳಿಗ್ಗೆ ಒಂದು, ಸಂಜೆಗೊಂದು" ಎಂದರೆ ಅಷ್ಟು ಸಾಲದು.

"ಅದ್ ನೀವ್ ಹೇಳುದ್ ಅಕ್ಕ. ಅದ್ರಂಗ್ ಎಂತ ಬರ್ದಿತ್ತ್, ಅದ್ನ್ ಓದಿ ಹೇಳಿ."

ನಾನು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಹೇಳಬೇಕು. ಕಂಪನಿಯ ಹೆಸರು, ತಯಾರಾದ ಊರು, ಮುಗಿಯುವ ತಿಂಗಳು, ಎಲ್ಲ. ಒಮ್ಮೆ ಮಕ್ಕಳ ಕೆಮ್ಮಿನ ಔಷಧಿಯ ಬಾಟಲಿ ಓದುತ್ತ "ಮಕ್ಕಳ ಕೈಗೆ ಸಿಗದಂತೆ ಇಡಿ" ಎಂದೆ. ಅವರು ಹುಬ್ಬು ಗಂಟಿಕ್ಕಿದರು. "ಮಕ್ಕಳ್ ಮದ್ದ್ ಮಕ್ಳಿಗೇ ಸಿಕ್ಕೂಕಾಗ್ದಾ?" ಎಂದು ಕೇಳಿ, ಸ್ವಲ್ಪ ಯೋಚಿಸಿ, "ಇರ್ಲಿ, ಬರ್ದದ್ದ್ ಅಲ್ದಾ, ಎಂತಕ್ಕೋ ಬರ್ದಿರ್ತ್ರ್" ಎಂದು ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಬರೆದದ್ದರ ಮೇಲೆ ಅವರಿಗೆ ಅಂಥ ನಂಬಿಕೆ.

ಅವರ ಮಾತೂ ಹಾಗೆಯೇ ನಂಬುವಂಥದ್ದು. ಬಂಗುಡೆಯ ಕಿವಿರು ಎತ್ತಿ ತೋರಿಸಿ, "ಇದ್ ನಿನ್ನೆದ್, ನಿಮ್ಗ್ ಬೇಡ" ಎಂದು ತಮ್ಮ ವ್ಯಾಪಾರವನ್ನು ತಾವೇ ಕೆಡಿಸಿಕೊಳ್ಳುತ್ತಿದ್ದರು. ಹೀಗೆ ಹೇಳಿದರೆ ಮೀನು ಹೋಗುವುದು ಹೇಗೆ ಎಂದು ನಾನು ನಕ್ಕರೆ, "ಕೇಂಬವ್ರಿಗೆ ಇದ್ದದ್ದೇ ಹೇಳ್ಕ್" ಎನ್ನುವರು.

ಸವಿತ ಗುಲಾಬಿಯಕ್ಕನಿಗೆ ತಡವಾಗಿ ಹುಟ್ಟಿದ ಮಗಳು. ಗಂಡ ಮಲ್ಪೆಯ ಬೋಟಿನಲ್ಲಿ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲವಾದ್ದರಿಂದ ಮಗುವಿನ ಪೂರ್ತಿ ಭಾರ ಇವರದ್ದೇ. ನಾಲ್ಕು ತುಂಬಿದರೂ ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಕಿವಿ ಮುಚ್ಚಿ ನೆಲಕ್ಕೆ ಕೂರುತ್ತಾಳೆ. ಉಡುಪಿಯ ವೈದ್ಯರು ಆಟಿಸಂ ಎಂದರು, ಅಲ್ಲಿಯೇ ಮಾತು ಕಲಿಸುವ ಟೀಚರೊಬ್ಬರ ಬಳಿಗೆ ಕಳುಹಿಸಿದರು. ಪ್ರತಿ ಮಂಗಳವಾರ ಗುಲಾಬಿಯಕ್ಕ ಮೀನು ಬಿಟ್ಟು, ಮಗುವನ್ನು ಸೊಂಟದಲ್ಲಿ ಹೊತ್ತು ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಆರು ತಿಂಗಳಿಗೆ ಸವಿತ ನೀರು ಬೇಕೆಂದರೆ ಲೋಟ ತೋರಿಸುವುದನ್ನು ಕಲಿತಳು. "ಲೋಟ ತೋರ್ಸ್ತ್ಳ್ ಕಾಣಿ" ಎಂದು ಅವರು ಬುಟ್ಟಿ ಇಳಿಸುವ ಮೊದಲೇ ನನಗೆ ಹೇಳಿದ್ದರು.

ಮಗುವಿಗೆ ಹೊಟ್ಟೆಯದ್ದೂ ತೊಂದರೆ. ನಾಲ್ಕು ದಿನ ಮಲಬದ್ಧತೆ, ಮತ್ತೆರಡು ದಿನ ಭೇದಿ, ಉಳಿದಂತೆ ಅಳು. ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ಮಕ್ಕಳ ಡಾಕ್ಟರು ಅದಕ್ಕೆಂದು ಪ್ರೊಬಯಾಟಿಕ್ ಪುಡಿ ಬರೆದುಕೊಟ್ಟರು. ಚೀಟಿ ಹಿಡಿದು ಬಂದ ಗುಲಾಬಿಯಕ್ಕನಿಗೆ ಅದರಲ್ಲಿರುವುದು ಒಳ್ಳೆಯ ಬ್ಯಾಕ್ಟೀರಿಯಾ ಎಂದು ವಿವರಿಸಿದೆ.

"ಹುಳವಾ?"

"ಹುಳ ಅಲ್ಲ ಗುಲಾಬಿಯಕ್ಕ. ಮೊಸ್ರಂಗೆ ಇರ್ತಲೆ, ಹಾಂಗಿದ್ದ್."

ಅದೇ ವಾರ ನಾನು ಪತ್ರಿಕೆಯಲ್ಲಿ ಒಂದು ಲೇಖನ ಓದಿದ್ದೆ. ಕರುಳಿಗೂ ಮಿದುಳಿಗೂ ನಂಟಿರಬಹುದು, ಇಂಥ ಪುಡಿಯಿಂದ ಆಟಿಸಂ ಇರುವ ಮಕ್ಕಳಿಗೆ ಅನುಕೂಲ ಆಗಬಹುದು, ಇನ್ನೂ ಪರೀಕ್ಷೆ ನಡೆಯಬೇಕು ಎಂದಿತ್ತು. ಲೇಖನದ ತುಂಬ ಬರೀ 'ಬಹುದು'ಗಳು. ನಾನು ಗುಲಾಬಿಯಕ್ಕನಿಗೆ ಹೇಳುವಾಗ ಅವನ್ನೆಲ್ಲ ಬಿಟ್ಟೆ. "ಇದ್ರಿಂದ ಸವಿತ ಮಾತೂ ಆಡ್ತ್ಳ್" ಎಂದೆ.

ಅವರು ಪುಡಿಯ ಪೊಟ್ಟಣವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. "ಹಾಂಗಂದೇಳಿ ಇದ್ರಂಗ್ ಬರ್ದಿತ್ತಾ?"

ಆಗ ಇಲ್ಲ ಎನ್ನಬಹುದಿತ್ತು. ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು, ಅವರೂ ನನ್ನ ಮಾತನ್ನು ಕೇಳಿಸಿಕೊಂಡಿದ್ದರು. ಓದಿದವಳು ಎಂಬ ಜಂಬವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಮುಖ ಸಪ್ಪಗಾಗುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸಿ, "ಹೌದ್, ಬರ್ದಿತ್ತ್" ಎಂದೆ.

ಪುಡಿಯಿಂದ ಹೊಟ್ಟೆ ಸರಿಯಾಯಿತು. ಅಳು ಕಡಿಮೆಯಾಯಿತು, ಮಗು ನಿದ್ದೆ ಮಾಡತೊಡಗಿತು. ಬರೆದದ್ದು ನಿಜವಾಗುತ್ತಿದೆ ಎಂದು ಗುಲಾಬಿಯಕ್ಕ ಅರ್ಥ ಮಾಡಿಕೊಂಡರು. ಒಂದು ದಿನ ಕೇಳಿದರು, "ಮದ್ದ್ ಹಿಡ್ದಿತ್ತಲೆ ಅಕ್ಕ, ಇನ್ನ್ ಮಂಗ್ಳಾರ ಮಂಗ್ಳಾರ ಉಡ್ಪಿಗ್ ಹೋಯ್ಕಾ? ಈ ಮಳಿಯಂಗ್ ಹೆಣ್ಣನ್ನ್ ಹೊತ್ಕಂಡ್ ಆತಿಲ್ಲ." ನಾನು ಯಾರದ್ದೋ ಬಿಲ್ಲು ಬರೆಯುತ್ತಿದ್ದೆ. ತಲೆಯೆತ್ತದೆ, "ಸ್ವಲ್ಪ ದಿನ ಕಾಂಬ" ಎಂದೆ.

ಗುಲಾಬಿಯಕ್ಕ ಉಡುಪಿಗೆ ಹೋಗುವುದನ್ನು ನಿಲ್ಲಿಸಿದರು. ಆ ಸ್ವಲ್ಪ ದಿನ ಒಂದು ವರ್ಷ ದಾಟಿತು. ಸವಿತ ಮಾತಾಡಲಿಲ್ಲ. ಲೋಟ ತೋರಿಸುವುದೂ ಮರೆತುಹೋಯಿತು. ನನಗೆ ಅದು ಕಾಣುತ್ತಿತ್ತು. ಪ್ರತಿ ಸಲ ಪುಡಿ ಕಟ್ಟಿಕೊಡುವಾಗ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ, ಹೇಳುತ್ತಿರಲಿಲ್ಲ.

ಕೊನೆಗೆ ಅವರೇ ಮಗುವನ್ನು ಮತ್ತೆ ಉಡುಪಿಗೆ ಒಯ್ದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಟೀಚರ್ ಕೇಳಿದಾಗ ಖಾಲಿ ಪೊಟ್ಟಣ ತೋರಿಸಿದರಂತೆ. ಮರುದಿನ ಅಂಗಡಿಗೆ ಬಂದು ಅದೇ ಪೊಟ್ಟಣವನ್ನು ಬಿಡಿಸಿ, ಅಂಗೈಯಿಂದ ಮಡಿಕೆ ಸರಿಮಾಡಿ ನನ್ನೆದುರು ಇಟ್ಟರು. ದನಿ ಏರಿಸಲಿಲ್ಲ.

"ಮಾತಿನ ವಿಷ್ಯ ಎಲ್ಲಿತ್ತ್ ಅಕ್ಕ? ಬೆರಳ್ ಇಟ್ಟ್ ತೋರ್ಸಿ."

ನಾನು ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿದೆ.

"ಟೀಚ್ರ್ ಎರ್ಡ್ ಸಲ ಓದಿರ್. ಹೊಟ್ಟಿ ವಿಷ್ಯ ಮಾತ್ರ ಇತ್ತ್ ಅಂದ್ರ್. ಮಾತ್ ಕಲ್ಸುದನ್ನ್ ಬಿಡೂಕೇ ಆಗ್ದಿತ್ತ್ ಅಂದ್ರ್." ಪೊಟ್ಟಣವನ್ನು ಮತ್ತೆ ಮಡಚಿಕೊಂಡು, "ನಂಗ್ ಓದೂಕ್ ಬತ್ತಿಲ್ಲ ಅಂದೇಳಿ ನಿಮ್ಮತ್ರ ಬಂದದ್ದ್" ಎಂದು ಹೊರಟುಹೋದರು.

ಮರುದಿನದಿಂದ ಅವರ ಬುಟ್ಟಿ ನನ್ನ ಮೆಟ್ಟಿಲ ಕೆಳಗೆ ಇಳಿಯಲಿಲ್ಲ. ನಮ್ಮ ಮನೆಗೆ ಮೀನು ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಗೇಟಿನ ಹತ್ತಿರ ಬಂದು ಕರೆದು, ಮೊದಲಿನಂತೆಯೇ ನಿನ್ನೆಯದ್ದು ಯಾವುದು, ಇವತ್ತಿನದ್ದು ಯಾವುದು ಎಂದು ಬಿಡಿಸಿ ಹೇಳುತ್ತಿದ್ದರು. ಒಬ್ಬೊಬ್ಬರು ಬೈದರೆ ಮನಸ್ಸು ಹಗುರಾಗುತ್ತದೆ. ಅವರು ಬೈಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ಹಂಗಾರಕಟ್ಟೆಯ ಅಣ್ಣನ ಮನೆಗೆ ಹೋಗಿ ಇರುತ್ತಾರೆಂದು ತಿಳಿಯಿತು. ಅಲ್ಲಿಂದ ಉಡುಪಿ ಹತ್ತಿರ, ಸವಿತಳನ್ನು ವಾರಕ್ಕೆ ಮೂರು ದಿನ ಕಳುಹಿಸಬಹುದು. ಹೊರಡುವ ಬೆಳಿಗ್ಗೆ ನಾನು ಅಂಗಡಿ ತೆರೆಯದೆ ಬಸ್‌ಸ್ಟ್ಯಾಂಡಿಗೆ ಹೋದೆ. ಬಟ್ಟೆಯ ಎರಡು ಗಂಟುಗಳ ನಡುವೆ ಅವರು ನಿಂತಿದ್ದರು. ಸವಿತ ತಂಗುದಾಣದ ಕಂಬದ ಸಿಮೆಂಟನ್ನು ಬೆರಳಿನಿಂದ ಸವರುತ್ತಿದ್ದಳು.

"ಗುಲಾಬಿಯಕ್ಕ, ನಂದ್ ತಪ್ಪಾಯ್ತ್. ಗೊತ್ತಿದ್ದೇ ಸುಳ್ಳ್ ಹೇಳ್ದೆ."

ಅವರು ಕಂಬದ ಹತ್ತಿರವಿದ್ದ ಮಗಳ ಕಡೆ ಕೈ ತೋರಿಸಿದರು. "ನನ್ನತ್ರ ಹೇಳಿ ಎಂತ ಆಯ್ಕ್? ವರ್ಷ ಹೋದ್ದ್ ನಂದಲ್ಲ, ಅವ್ಳದ್ದ್. ಅವ್ಳತ್ರ ಹೇಳಿ."

ನಾನು ಕಂಬದ ಹತ್ತಿರ ಕುಕ್ಕುರುಗಾಲಲ್ಲಿ ಕೂತೆ. ನಾಲ್ಕು ಜನ ನೋಡುತ್ತಿದ್ದರು. "ಸವಿತ, ನಾನ್ ಸುಳ್ಳ್ ಹೇಳ್ದೆ. ನಿನ್ ಒಂದ್ ವರ್ಷ ಹಾಳ್ ಮಾಡ್ದೆ" ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಸಿಮೆಂಟು ಸವರುತ್ತಲೇ ಇದ್ದಳು. ಎದ್ದು ನಿಲ್ಲಲು ಹೊರಟಾಗ ಗುಲಾಬಿಯಕ್ಕ ಹಿಂದಿನಿಂದ ಹೇಳಿದರು, "ಹಾಂಗಲ್ಲ ಅಕ್ಕ. ನಿಧಾನ ಹೇಳ್ಕ್, ಎರ್ಡ್ ಸಲ ಹೇಳ್ಕ್. ಟೀಚ್ರ್ ಹೇಳಿರ್."

ನಾನು ಮತ್ತೆ ಕೂತೆ. ಒಂದೊಂದೇ ಮಾತು ಬಿಡಿಸಿ, ನಿಧಾನವಾಗಿ, ಮೊದಲಿನಿಂದ ಹೇಳಿದೆ. ಮುಗಿಯುವಷ್ಟರಲ್ಲಿ ಬಸ್ಸು ಹಾರ್ನ್ ಹಾಕುತ್ತ ಬಂತು, ಸವಿತ ಎರಡೂ ಕಿವಿ ಮುಚ್ಚಿಕೊಂಡಳು. ಗುಲಾಬಿಯಕ್ಕ ಗಂಟುಗಳನ್ನು ಎತ್ತಿಟ್ಟು, ಅವಳನ್ನು ಸೊಂಟಕ್ಕೇರಿಸಿಕೊಂಡು ಹತ್ತಿದರು. ಆಮೇಲೆ ಅವರಿಬ್ಬರನ್ನೂ ನಾನು ಕಂಡಿಲ್ಲ.