ಈಶಾನ್ಯಕ್ಕೆ ವಾಲಿದ ಪೂಲ್ ಟೇಬಲ್

ನಮ್ಮ ಮನೆಯ ಮಹಡಿಗೆ ಪೂಲ್ ಟೇಬಲ್ ಬಂದು ಆರು ವಾರವಾಗಿತ್ತು. ಆ ಆರು ವಾರವೂ ನಮ್ಮ ಯಜಮಾನರದು ಒಂದೇ ಮಾತು: "ಇದನ್ನ ಸರಿಯಾಗಿ ಕೂರಿಸಿಲ್ಲ ಕಣೇ. ಬಾಲ್ ಬಲಕ್ಕೆ ಎಳೆಯುತ್ತೆ."

ಹಾಗೇ ಇರಲಪ್ಪಾ ಎಂದು ನಾನೂ ದೇವರಿಗೆ ಕೈ ಮುಗಿಯುತ್ತಿದ್ದೆ. ಮನೆಗೆ ತಂದ ಹೊಸ ವಸ್ತು ಕೆಟ್ಟಿರಲಿ ಎಂದು ಬೇಡಿಕೊಂಡ ಹೆಂಗಸು ಇಡೀ ಅಮೃತಹಳ್ಳಿಯಲ್ಲಿ ನಾನೊಬ್ಬಳೇ ಇರಬೇಕು.

ಕಾರಣವಿತ್ತು. ಇವರ ಕೈಬರಹ ಚಿಕ್ಕದಾಗುತ್ತಾ ಬಂದಿತ್ತು. ಬೆಳಗಿನ ಕಾಫಿಯ ಜೊತೆ ಇಂಗ್ಲಿಷ್ ಪೇಪರಿನ ಕ್ರಾಸ್‌ವರ್ಡ್ ತುಂಬುವುದು ಇವರ ಹಳೆಯ ಅಭ್ಯಾಸ. ಮೊದಲನೇ ಅಕ್ಷರ ಚೌಕದ ತುಂಬ ಕೂತಿರುತ್ತಿತ್ತು, ಕೊನೆಯದಕ್ಕೆ ಬರುವಷ್ಟರಲ್ಲಿ ಸಾಸಿವೆ ಕಾಳು. ನಡೆಯುವಾಗ ಎಡಗೈ ಬೀಸುತ್ತಿತ್ತು, ಬಲಗೈ ಮಾತ್ರ ಹೊಲಿದಿಟ್ಟಂತೆ ಪಕ್ಕಕ್ಕೇ ಅಂಟಿಕೊಂಡಿರುತ್ತಿತ್ತು. ನನ್ನ ಮಾವನವರಿಗೂ ಹೀಗೇ ಶುರುವಾಗಿದ್ದು. ಕೊನೆಯ ಐದಾರು ವರ್ಷ ಅವರಿಗೆ ನಾನೇ ತುತ್ತು ಕಲಸಿ ತಿನ್ನಿಸಿದವಳು. ಅವರು ಬಾಯಿ ತೆರೆಯುವ ಮುಂಚೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾಚಿಕೆಗೆ.

ಒಮ್ಮೆ ಧೈರ್ಯ ಮಾಡಿ, "ರೀ, ಒಬ್ಬ ನ್ಯೂರಾಲಜಿಸ್ಟ್‌ಗೆ ತೋರಿಸೋಣ" ಎಂದೆ.

"ಡೋಂಟ್ ಬಿ ಸಿಲ್ಲಿ," ಎಂದವರು ಪೇಪರ್ ಮಡಚಿ ಎದ್ದು ಹೋದರು.

ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ಐವತ್ತು ವರ್ಷದ ಸಂಸಾರ ಅದನ್ನು ಮೆಲ್ಲಗೆ ಮರೆಸಿಬಿಟ್ಟಿತ್ತು. ನಾನು ಮತ್ತೆ ಆ ಮಾತೆತ್ತಲಿಲ್ಲ.

ಪೂಲ್ ಟೇಬಲ್ ಇವರ ಹುಚ್ಚು. ಮದುವೆಯಾದ ಹೊಸತರಲ್ಲಿ ಯಶವಂತಪುರದ ಹತ್ತಿರದ ಒಂದು ಕ್ಲಬ್ಬಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಬಿಲಿಯರ್ಡ್ಸ್ ರೂಮಿನೊಳಗೆ ಲೇಡೀಸ್ ಬರುವಂತಿರಲಿಲ್ಲ. ನಾನು ನಿಂಬೆ ಶರಬತ್ತಿನ ಲೋಟ ಹಿಡಿದು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ತೋಳು ಮಡಚಿದ ಬಿಳಿ ಶರ್ಟು, ಹಸಿರು ಬಟ್ಟೆಯ ಮೇಲೆ ಬಾಗಿದ ಬೆನ್ನು, ಉಸಿರು ಹಿಡಿದ ಒಂದು ಕ್ಷಣ, ಆಮೇಲೆ ಟಕ್ ಎಂಬ ಸದ್ದು. ಗುರಿ ತಪ್ಪಿದ್ದು ನನಗೆ ನೆನಪೇ ಇಲ್ಲ. ಆನೆಸ್ಟ್‌ಲೀ, ನಾನು ಇವರನ್ನು ಪ್ರೀತಿಸಲು ಶುರು ಮಾಡಿದ್ದು ಮದುವೆಯ ಮಂಟಪದಲ್ಲಲ್ಲ, ಆ ಬಾಗಿಲಲ್ಲಿ.

ಆರ್‌.ಟಿ. ನಗರದಲ್ಲಿ ಒಂದು ಪೂಲ್ ಪಾರ್ಲರ್ ಮುಚ್ಚುತ್ತಿದೆ ಎಂದು ತಿಳಿದಾಗ ಇವರು ಹೋಗಿ ಅಲ್ಲಿನ ಟೇಬಲ್ ತಂದೇಬಿಟ್ಟರು. ಕೂರಿಸಲು ಬಾಗಲಗುಂಟೆಯಿಂದ ಒಬ್ಬ ಫಿಟ್ಟರ್ ಬಂದ. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಬಟ್ಟೆಯ ಕೆಳಗೆ ಮೂರು ಕಲ್ಲಿನ ಹಲಗೆಗಳಿರುತ್ತವೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಅವನ್ನು ಒಂದಕ್ಕೊಂದು ಜೋಡಿಸಿ, ಸಂದಿಗೆ ಮೇಣ ತುಂಬಿ, ಬೆರಳಾಡಿಸಿ ನೋಡಿ ಬಟ್ಟೆ ಎಳೆದ. ಆ ಕೋಣೆ ಹಿಂದೆ ತೆರೆದ ಟೆರೇಸ್ ಆಗಿತ್ತು. ಮಳೆನೀರು ಈಶಾನ್ಯ ಮೂಲೆಗೆ ಹರಿಯಲಿ ಎಂದು ಮೇಸ್ತ್ರಿ ನೆಲವನ್ನು ಆ ಕಡೆಗೆ ಇಳಿಜಾರು ಮಾಡಿದ್ದ, ವಾಸ್ತುವಿಗೂ ಅದು ಸರಿ ಎಂದು ನಾವು ಸುಮ್ಮನಿದ್ದೆವು. ಆದ್ದರಿಂದ ಫಿಟ್ಟರ್ ಆ ಮೂಲೆಯ ಕಾಲಿನ ಕೆಳಗೆ ತೆಳ್ಳನೆಯ ಮರದ ಚಕ್ಕೆಗಳನ್ನು ಕೊಟ್ಟು ಎತ್ತರಿಸಿದ. ಸಂಜೆ ಇವರ ಅಕ್ಕ ಆರತಿ ತಟ್ಟೆ ಹಿಡಿದು ಬಂದರು. ಟೇಬಲ್ಲಿನ ನಾಲ್ಕು ಕಾಲಿಗೂ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿಸಿದರು. ಎಲ್ಲರಿಗೂ ಸಜ್ಜಿಗೆ ಕೊಟ್ಟೆವು.

ಮರುದಿನದಿಂದಲೇ ಇವರ ಗುರಿ ತಪ್ಪತೊಡಗಿತು.

ಇವರು ವಾಕಿಂಗ್ ಹೋದಾಗ ನಾನು ಮೇಲೆ ಹೋಗಿ ಟೇಬಲ್ಲಿನ ಮರದ ಅಂಚಿನ ಮೇಲೆ ಮೊಬೈಲ್ ಇಟ್ಟು ಅದರಲ್ಲಿದ್ದ ಲೆವೆಲ್ ನೋಡಿದೆ. ಸೊನ್ನೆ ತೋರಿಸಿತು. ಇನ್ನೊಂದು ಅಂಚಿನಲ್ಲೂ ಸೊನ್ನೆ. ಅಂದರೆ ಟೇಬಲ್ ವಾಲಿಲ್ಲ. ಮೊಬೈಲ್ ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗಿಳಿದೆ, ಕದ್ದವಳ ಹಾಗೆ.

ಕೊನೆಗೆ ಒಂದು ಭಾನುವಾರ ಇವರೇ ಹೇಳಿದರು: "ಆ ಫಿಟ್ಟರ್‌ನ ಕರೆಸು. ಟೇಬಲ್ ಸರಿಯಾಗಿದೆ ಅಂತ ಅವನು ತೋರಿಸಿಬಿಟ್ರೆ, ನೀನು ಹೇಳಿದ ಡಾಕ್ಟರ್ ಹತ್ರ ಬರ್ತೀನಿ. ಪ್ರಾಮಿಸ್."

ಫಿಟ್ಟರ್ ಬಂದ. ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೈ ಕಟ್ಟಿ ಕೂತರು. ನಾನು ಮೆಲ್ಲಗೆ ಮೊಬೈಲ್ ವಿಷಯ ಹೇಳಿದೆ. ಅವನು ನಕ್ಕ.

"ಅಮ್ಮಾವ್ರೆ, ಮರದ ಅಂಚ್ ನಂಬ್ಬೇಡಿ. ಅದು ಬಾಲ್ ಆಚೆ ಬೀಳ್ದಂಗೆ ತಡೆಯೋಕೆ ಅಷ್ಟೇ, ಎಂಗ್ ಬೇಕಾದ್ರೂ ಇರ್ತದೆ. ಕಲ್ ನೋಡ್ಬೇಕು, ಕಲ್ಲು."

ಚೀಲದಿಂದ ಉದ್ದನೆಯ ರಸಮಟ್ಟ ತೆಗೆದು ಹಸಿರು ಬಟ್ಟೆಯ ನಡುವೆ ಇಟ್ಟ. ಆಮೇಲೆ ಮೂಲೆಗಳಿಗೆ. ಈಶಾನ್ಯದ ಮೂಲೆಗೆ ಬಂದಾಗ ಗಾಜಿನೊಳಗಿನ ಗುಳ್ಳೆ ಗೆರೆ ದಾಟಿ ಆಚೆ ಸರಿಯಿತು. ಅವನು ಬಾಗಿಲ ಕಡೆಯಿಂದ ಒಂದು ಬಾಲನ್ನು ಮೆತ್ತಗೆ ಬಿಟ್ಟ. ಅದು ನೇರ ಹೋಗುತ್ತಾ ಹೋಗುತ್ತಾ, ನಿಲ್ಲುವ ಹೊತ್ತಿಗೆ ಎಡಕ್ಕೆ ತಿರುಗಿ ಈಶಾನ್ಯದ ಪಾಕೆಟ್ ಹತ್ತಿರ ಹೋಗಿ ನಿಂತಿತು.

"ವಾಲಿದೆ ಸಾರ್," ಎಂದ.

ನಾನು ಜೋರಾಗಿ ನಕ್ಕುಬಿಟ್ಟೆ. ಆರು ವಾರದಲ್ಲಿ ಮೊದಲ ಸಲ. ಓಡಿ ಹೋಗಿ ಇವರ ಭುಜ ಹಿಡಿದು ಅಲ್ಲಾಡಿಸಿದೆ. "ಕೇಳಿಸ್ತೇನ್ರೀ? ಟೇಬಲ್ಲೇ ವಾಲಿದೆಯಂತೆ!" ಇವರು ನಗಲಿಲ್ಲ. ಹೂಂ ಎಂದರು, ಅಷ್ಟೇ.

ಫಿಟ್ಟರ್ ಬಗ್ಗಿ ಆ ಮೂಲೆಯ ಕಾಲು ನೋಡಿದ. ಚಕ್ಕೆಗಳಿರಲಿಲ್ಲ.

"ಚಕ್ಕೆ ಎಲ್ಲಪ್ಪಾ? ನೀನೇ ಇಟ್ಟಿದ್ದೆಯಲ್ಲ," ಎಂದೆ.

ಅವನು ತಲೆ ಕೆರೆದುಕೊಂಡ. "ದೊಡ್ಡಮ್ಮಾವ್ರು ತೆಗೆಸಿದ್ರು. ನೀವೆಲ್ಲಾ ಕೆಳ್ಗಡೆ ಸಜ್ಜಿಗೆ ತರೋಕೆ ಓಗಿದ್ರಲ್ಲ, ಆವಾಗ. ಈಶಾನ್ಯ ಎತ್ರ ಮಾಡ್ಬಾರ್ದು, ಮನೆ ಯಜಮಾನ್ರಿಗೆ ಆಗಿಬರಾಕಿಲ್ಲ ಅಂದ್ರು. ಆರತಿ ತಟ್ಟೆ ಕೈಲಿಡ್ಕೊಂಡು ಅಂಗಂದ್ರೆ ಇಲ್ಲ ಅನ್ನೋಕಾಯ್ತದಾ ಅಮ್ಮಾವ್ರೆ? ಸ್ವಲ್ಪಾನೇ ಅಲ್ವಾ ಅಂತ ತೆಗೆದ್ಬಿಟ್ಟೆ. ತಪ್ಪಾಯ್ತು."

ಅವನು ಮತ್ತೆ ಚಕ್ಕೆ ಕೊಡಲು ಕೂತಾಗ ನಾನು ಕೆಳಗೆ ಹೋಗಿ ಇವರ ಅಕ್ಕನಿಗೆ ಫೋನ್ ಮಾಡಿದೆ. ಜಗಳವಾಡುವ ಹುಮ್ಮಸ್ಸು ನನಗೆ.

"ಏನಕ್ಕಾ ನೀವು! ನಿಮ್ಮ ವಾಸ್ತುವಿನಿಂದ ಇವರ ಆಟವೇ ಕೆಟ್ಟೋಗಿತ್ತು. ನನ್ನ ಪ್ರಾಣ ಬಾಯಿಗೆ ಬಂದಿತ್ತು ಗೊತ್ತಾ?"

ಅಕ್ಕ ಹೇಳಿದರು: "ಇನ್ನೇನ್ ಮಾಡ್ಲೇ ನಾನು? ಅವನಿಗೋಸ್ಕರವೇ ತೆಗೆಸಿದ್ದು. ಆರತಿ ತಗೊಳ್ಳೋವಾಗ ಅವನ ಬಲಗೈ ನೋಡಿದೆ. ಅಪ್ಪನ ಕೈ ಥರಾನೇ ಇತ್ತು ಕಣೇ. ನೀನು ನೋಡಿಲ್ವಾ?"

ಆಮೇಲೆ ಮಾಡ್ತೀನಕ್ಕಾ ಎಂದು ಫೋನ್ ಇಟ್ಟೆ.

ಮೇಲೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. "ನಾನ್ ಏಳೋದು ಬ್ಯಾಡ, ನೀವೇ ನೋಡ್ಬಿಡಿ," ಎಂದು ಫಿಟ್ಟರ್ ಬಾಲನ್ನು ನನ್ನ ಕೈಗಿಟ್ಟ. "ಜೋರಾಗ್ ಬಿಟ್ರೆ ಯಾವ್ ಟೇಬಲ್ಲೂ ನೆಟ್ಟಗೇ ಕಾಣ್ತದೆ. ಇನ್ನೇನ್ ನಿಂತೋಯ್ತು ಅನ್ನಂಗೆ ಬಿಡಿ. ನಿಲ್ಲೋವಾಗ್ಲೇ ಅದು ನಿಜ ಏಳೋದು."

ಬಿಟ್ಟೆ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಮೂಲೆಯಿಂದ ಮೂಲೆಗೆ. ಮುದುಕಿಯ ಕೈಯಿಂದ ಹೊರಟ ಬಾಲ್ ಅಷ್ಟೂ ಸಲ ನೇರ ಹೋಗಿ, ಎತ್ತಲೂ ತಿರುಗದೆ ನಿಂತಿತು. ಕಲ್ಲಿನ ಸಂದಿ ದಾಟುವಾಗಲೂ ಅಲುಗಲಿಲ್ಲ. ಟೇಬಲ್ಲಿಗೆ ನಾನು ಯಾವ ತಪ್ಪೂ ಹೊರಿಸುವಂತಿರಲಿಲ್ಲ.

"ಬನ್ನಿ ಸಾರ್, ಒಂದ್ ಒಡೀರಿ," ಎಂದ ಅವನು.

ಇವರು ಎದ್ದು ಕ್ಯೂ ಕೋಲು ತೆಗೆದುಕೊಂಡರು. ಕಿಟಕಿಯ ಕಡೆಯಿಂದ ಬಾಗಿದರು. ಬಾಲ್ ಬಲಕ್ಕೆ ಹೋಗಿ ಅಂಚಿನ ಕುಷನ್ನಿಗೆ ತಗುಲಿತು. ಸುತ್ತು ಬಂದು ಬಾಗಿಲ ಕಡೆ ನಿಂತರು. ಅಲ್ಲಿಂದಲೂ ಬಲಕ್ಕೆ. ಕ್ಯೂ ಹಿಂದಕ್ಕೆ ಎಳೆದಾಗ ನೇರವಾಗಿರುತ್ತಿತ್ತು, ಮುಂದಕ್ಕೆ ಬರುವಾಗ ಮಣಿಕಟ್ಟು ತಡವರಿಸಿ ಅದರ ಮೂತಿ ಪಕ್ಕಕ್ಕೆ ಜಾರುತ್ತಿತ್ತು. ಆರು ವಾರ ನಾನು ಬಾಲನ್ನೇ ನೋಡಿದ್ದೆ, ಹೊಡೆಯುವ ಕೈ ನೋಡಿರಲಿಲ್ಲ. ಅಥವಾ ನೋಡಬಾರದೆಂದು ಬಾಲನ್ನು ನೋಡಿದ್ದೆನೋ ಏನೋ.

ಫಿಟ್ಟರ್ ರಸಮಟ್ಟವನ್ನು ಚೀಲಕ್ಕಿಡುತ್ತಾ ನೆಲ ನೋಡಿಕೊಂಡು ಹೇಳಿದ, "ಬಟ್ಟೆ ಒಸದಲ್ವಾ ಸಾರ್, ಒಂಚೂರ್ ಬಿಗಿ ಇದೆ. ತಿಂಗ್ಳು ಆಡಿದ್ರೆ ಸರಿ ಓಗ್ತದೆ."

"ಬಟ್ಟೆ ಚೆನ್ನಾಗಿದೆ ಗುರು," ಎಂದರು ಇವರು. "ನೀನು ಚೆನ್ನಾಗಿ ಮಾಡಿದ್ದೀಯ."

ಅವನು ಹೋದ ಮೇಲೆ ಇವರು ಕುರ್ಚಿಯಲ್ಲಿ ಕೂತು, ಕ್ಯೂವನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು.

"ಈಶಾನ್ಯಕ್ಕೆ ವಾಲಿದ್ರೆ ಬಾಗಿಲ ಕಡೆಯಿಂದ ಹೊಡೆದಾಗ ಬಾಲ್ ಎಡಕ್ಕೆ ಹೋಗ್ಬೇಕಿತ್ತು. ನನ್ನದು ಎರಡೂ ಕಡೆಯಿಂದ ಬಲಕ್ಕೇ ಹೋಗ್ತಿತ್ತು. ಮೊದಲನೇ ವಾರವೇ ಗೊತ್ತಾಯ್ತು ನನಗೆ. ಐ ನ್ಯೂ."

"ಮತ್ತೆ ಅವನನ್ನ ಯಾಕೆ ಕರೆಸಿದ್ರಿ?"

"ನೀನು ಟೇಬಲ್ಲೇ ಸರಿಯಿಲ್ಲ ಅಂತ ನಂಬಿದ್ದೆಯಲ್ಲ. ಇನ್ನೂ ಒಂದು ವಾರ ನೆಮ್ಮದಿಯಾಗಿರ್ಲಿ ಅಂತ ಒಂದೊಂದೇ ವಾರ ತಳ್ಳಿದೆ. ಆಮೇಲೆ ತಳ್ಳೋಕಾಗ್ಲಿಲ್ಲ."

ನಾನು ಒಂದು ದಿನವೂ ನಂಬಿರಲಿಲ್ಲ ಎಂದು ಹೇಳಬೇಕಿತ್ತು. ಹೇಳುವುದರ ಬದಲು ಸ್ಟೂಲ್ ಎಳೆದುಕೊಂಡು ಇವರ ಎದುರಿಗೆ ಕೂತೆ, ಆಸ್ಪತ್ರೆಗೆ ಫೋನ್ ಮಾಡಿದೆ. ನ್ಯೂರಾಲಜಿಸ್ಟ್ ಅಪಾಯಿಂಟ್‌ಮೆಂಟ್ ಬೇಕು ಎಂದೆ. ಹುಡುಗಿಯೊಬ್ಬಳು ವಯಸ್ಸು ಕೇಳಿದಳು, ಹೇಳಿದೆ.

"ಪೇಷೆಂಟ್‌ಗೆ ಏನ್ ಪ್ರಾಬ್ಲಮ್ ಮೇಡಂ?"

ನಾನು ತಲೆಯೆತ್ತಿ ಇವರ ಮುಖ ನೋಡಿದೆ. ಇವರು ಎಡಗೈ ಚಾಚಿ ಫೋನ್ ತೆಗೆದುಕೊಂಡರು.

"ಬಲಗೈಯಮ್ಮಾ," ಎಂದರು.