ಕಾಟಲಿಂಗಪ್ಪನವರ ಕ್ಯಾಮೆರಾ ಮಂದೆ

ಬೆಳಕು ಹರಿಯುವ ಹೊತ್ತು. ಯಲ್ಲದಕೆರೆಯಿಂದಾಚೆ, ಕುರುಚಲು ಕಾಡಿನ ಇಳಿಜಾರಿನಲ್ಲಿ ಐವತ್ತು ದಾಟಿದ ಗಂಡಸೊಬ್ಬರು ಪಂಚೆ ಎತ್ತಿ ಕಟ್ಟಿ, ಎರಡೂ ಕೈ ನೆಲಕ್ಕೂರಿ ಅಂಬೆಗಾಲಿಡುತ್ತಿದ್ದಾರೆ. ಕಮರದ ಮರವೊಂದರ ಮುಂದೆ ಬಂದಾಗ ಕತ್ತು ಬಗ್ಗಿಸಿ ನೆಲ ಮೂಸಿದಂತೆ ಮಾಡುತ್ತಾರೆ, ಮತ್ತೆ ಮುಂದಕ್ಕೆ ಸಾಗುತ್ತಾರೆ. ದಾರಿಹೋಕರು ಯಾರಾದರೂ ಕಂಡರೆ ಗಾಬರಿ ಬೀಳುವುದು ಖಂಡಿತ. ಕಾಟಲಿಂಗಪ್ಪನವರಿಗೆ ಅದರ ಪರಿವೆಯೇ ಇಲ್ಲ. ಈ ಗಳಿಗೆಯಲ್ಲಿ ಅವರು ಕರಡಿ.

ಮರದ ಬುಡದಲ್ಲಿ, ಮೊಣಕಾಲೆತ್ತರಕ್ಕೆ, ಇಟ್ಟಿಗೆಯಷ್ಟು ದಪ್ಪದ ಪೆಟ್ಟಿಗೆಯೊಂದನ್ನು ಪಟ್ಟಿಯಿಂದ ಬಿಗಿಯಲಾಗಿದೆ. ಅದರ ಮುಂದೆ ಏನಾದರೂ ಅಲುಗಿದರೆ ತಾನೇ ಫೋಟೊ ತೆಗೆದುಕೊಳ್ಳುವ ಕ್ಯಾಮೆರಾ ಅದು. ಸರಿಯಾಗಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಯಾರಾದರೂ ಪ್ರಾಣಿಯ ಹಾಗೆ ಹಾದುಹೋಗಲೇಬೇಕು. ಸಣ್ಣ ಕೆಂಪು ದೀಪ ಮಿನುಗಿದ ಮೇಲೆ ಕಾಟಲಿಂಗಪ್ಪ ಎದ್ದು ನಿಂತು ಮಂಡಿ ಒರೆಸಿಕೊಳ್ಳುತ್ತಾರೆ. "ಕರಡಿಗೆ ಮಂಡಿನೋವು ಇರಲ್ಲ ನೋಡ್ರಿ, ನಮಗೈತೆ" ಎಂದು ನಗುತ್ತಾರೆ.

ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹಬ್ಬಿದ ಈ ಗುಡ್ಡಗಳಲ್ಲಿ ಕರಡಿ, ಚಿರತೆ, ನಾಲ್ಕು ಕೊಂಬಿನ ಕೊಂಡುಕುರಿಗಳ ಲೆಕ್ಕ ಹಿಡಿಯುವುದಕ್ಕೆ ವನ್ಯಜೀವಿ ಅಧ್ಯಯನದ ತಂಡವೊಂದು ಹದಿನಾರು ಕ್ಯಾಮೆರಾ ಕಟ್ಟಿಸಿದೆ. ಫೋಟೊ ತೆಗೆಯುವುದು ಪೆಟ್ಟಿಗೆಯ ಕೆಲಸ. ಪೆಟ್ಟಿಗೆ ಕಳುವಾಗದಂತೆ ಕಾಯುವುದು ಕಾಟಲಿಂಗಪ್ಪನವರ ಕೆಲಸ. ಚಿರತೆಯ ಫೋಟೊ ಯಾವುದಾದರೂ ಪತ್ರಿಕೆಯಲ್ಲಿ ಬಂದರೆ ಅದರ ಕೆಳಗೆ ಇವರ ಹೆಸರು ಇರುವುದಿಲ್ಲ. ಇರಬೇಕೆಂದು ಇವರಿಗೆ ಅನ್ನಿಸಿದ್ದೂ ಇಲ್ಲ.

ಹುಟ್ಟಿದ್ದು, ಬೆಳೆದದ್ದು ಗುಡ್ಡದ ಬುಡದ ಗೊಲ್ಲರಹಟ್ಟಿಯಲ್ಲಿ. ನಡೆಯಲು ಕಲಿತಾಗಿನಿಂದ ಕುರಿಯ ಹಿಂದೆ ನಡೆದವರು. ಈಗಲೂ ಮನೆಯಲ್ಲಿ ಕುರಿ ಇವೆ. ಹೆಂಡತಿ ಯಶೋದಮ್ಮ ಅವನ್ನು ನೋಡಿಕೊಳ್ಳುತ್ತಾರೆ, ಜೊತೆಗೆ ಗಂಡನನ್ನೂ. "ಕುರಿಯಾದ್ರೆ ಸಂಜೆಗೆ ಮನೆಗೆ ಬರ್ತಾವೆ. ಇವರ ಪೆಟ್ಟಿಗೆ ಮಂದೆ ಬರಲ್ಲ, ಇವರೇ ಹೋಗಿ ಮಾತಾಡಿಸ್ಕೊಂಡ್ ಬರ್ಬೇಕು" ಎಂದು ಛೇಡಿಸುವುದು ಅವರ ದಿನಚರಿ.

ಶುರುವಿನಲ್ಲಿ ಕ್ಯಾಮೆರಾಗಳು ನಿಲ್ಲುತ್ತಲೇ ಇರಲಿಲ್ಲ. ಕಾಡುಹಂದಿಗೆ ಉರುಳು ಹಾಕುವವರಿಗೆ ತಮ್ಮ ಮುಖ ಫೋಟೊದಲ್ಲಿ ಬಿದ್ದೀತೆಂಬ ಭಯ, ಕಲ್ಲು ತೆಗೆದುಕೊಂಡು ಜಜ್ಜಿಬಿಡುತ್ತಿದ್ದರು. ಇನ್ನು ಕೆಲವರಿಗೆ ಏನೋ ಬೆಲೆಬಾಳುವ ವಸ್ತು ಇರಬಹುದೆಂಬ ಆಸೆ. ತಂಡದ ಮೇಲ್ವಿಚಾರಕಿ ಉಷಾರಾಣಿ ಚಿತ್ರದುರ್ಗದಿಂದ ಸರಪಳಿ, ಬೀಗ ತಂದು ಹಾಕಿಸಿದರು. ಆಮೇಲೆ ಕಳ್ಳತನ ಇನ್ನೂ ಜಾಸ್ತಿಯಾಯಿತು. "ಬೀಗ ಹಾಕಿದ್ರೆ ಒಳಗೆ ಏನೋ ಐತೆ ಅಂತ ನಾವೇ ಕೂಗಿ ಹೇಳ್ದಂಗಲ್ವಾ ಮೇಡಂ?" ಎಂದರು ಕಾಟಲಿಂಗಪ್ಪ. ಉಷಾರಾಣಿ ಸ್ವಲ್ಪ ಅನುಮಾನದಿಂದಲೇ ಬೀಗ ತೆಗೆಸಿದರು.

ಅಲ್ಲಿಂದ ಇವರದೇ ಉಪಾಯಗಳು ಶುರುವಾದವು. ಪೆಟ್ಟಿಗೆಗೆ ಕೆಮ್ಮಣ್ಣು ಮೆತ್ತಿ, ಮುಂದೊಂದು ಕಾರೆಮುಳ್ಳಿನ ಕೊಂಬೆ ಎಳೆದಿಡುವುದು. ಕಾಲುದಾರಿ ಬೀಳದಂತೆ ದಿನಕ್ಕೊಂದು ಕಡೆಯಿಂದ ಹೋಗುವುದು. ಇವೆಲ್ಲ ಯಾರಿಗಾದರೂ ಹೊಳೆಯಬಹುದಾದ ಮಾತು. ಆದರೆ ಇನ್ನೊಂದು ಕೆಲಸ ಮಾಡಿದರು, ಅದು ಮಾತ್ರ ತಂಡದ ನಿಯಮಕ್ಕೆ ತದ್ವಿರುದ್ಧ. ಕ್ಯಾಮೆರಾ ಎಲ್ಲಿದೆ ಎಂದು ಯಾರಿಗೂ ಹೇಳಬಾರದು ಎಂಬುದು ನಿಯಮ. ಇವರು ಸೌದೆಗೆ ಹೋಗುವ ಹೆಂಗಸರನ್ನು ಕೂರಿಸಿಕೊಂಡು ಎಲ್ಲೆಲ್ಲಿದೆ ಎಂದು ಒಂದೂ ಬಿಡದೆ ಹೇಳಿದರು. "ಅವರು ಕಾಡಲ್ಲಿ ಕುಂತ್ಕಳ್ತಾರೆ, ನಿಂತ್ಕಳ್ತಾರೆ, ಸೀರೆ ಸರಿ ಮಾಡ್ಕಳ್ತಾರೆ. ಹೇಳ್ದೆ ಫೋಟೊ ತೆಗೆದ್ರೆ ಅದು ತಪ್ಪಲ್ವಾ? ಗೊತ್ತಾದ್ಮೇಲೆ ಅವರೇ ಆ ಕಡೆ ಹೋಗಲ್ಲ, ಬೇರೆಯೋರು ಹೋದ್ರೆ ನನಗೆ ಹೇಳ್ತಾರೆ." ಉಷಾರಾಣಿಯವರಿಗೆ ಮೊದಲು ಸಿಟ್ಟು ಬಂದಿತ್ತು. ಹೆಣ್ಣಾಗಿ ಯೋಚಿಸಿದಾಗ ಇಳಿಯಿತು ಎಂದು ಅವರೇ ಹೇಳುತ್ತಾರೆ.

ಉಳಿದದ್ದು ಒಂದೇ ಕಷ್ಟದ ಜಾಗ, ದೊಣೆಯ ದಾರಿ. ಗುಡ್ಡದ ನೆತ್ತಿಯ ಬಂಡೆಯಲ್ಲಿ ಬೇಸಿಗೆಗೂ ಬತ್ತದ ದೊಣೆಯೊಂದಿದೆ. ಕರಡಿ, ಕೊಂಡುಕುರಿಗೂ ಅದೇ ನೀರು, ಹಟ್ಟಿಯ ಕುರಿಗಳಿಗೂ ಅದೇ ನೀರು. ಅಲ್ಲಿ ಕ್ಯಾಮೆರಾ ಕಟ್ಟಬೇಕಾದರೆ ಕುರಿಗಳ ಓಡಾಟ ನಿಲ್ಲಿಸಬೇಕು, ಇಷ್ಟು ಜನ ಹಾದುಹೋಗುವ ಕಡೆ ಪೆಟ್ಟಿಗೆ ಉಳಿಯುವುದಿಲ್ಲ ಎಂಬ ಮಾತು ಅರಣ್ಯ ಇಲಾಖೆಯಿಂದ ಬಂತು. ಕಾಟಲಿಂಗಪ್ಪ ಅರಣ್ಯ ರಕ್ಷಕ ರಘುನಾಥ್ ಅವರ ಎದುರು ನಿಂತರು. "ನಮ್ ದಾರೀಲಿ ಒಂದು ಕ್ಯಾಮೆರಾ ಹೋದ್ರೂ ನಾನೇ ದಾರಿ ಮುಚ್ತೀನಿ ಸಾರ್. ಅಲ್ಲೀಗಂಟ ಬಿಟ್ಕೊಡ್ರಿ." ಇಡೀ ಹಟ್ಟಿಯ ಪರವಾಗಿ ಕೊಟ್ಟ ಮಾತು. ಹಟ್ಟಿಯವರನ್ನು ಒಂದು ಮಾತು ಕೇಳಿರಲಿಲ್ಲ ಎನ್ನುವುದು ಬೇರೆ ವಿಷಯ.

ಮಾತು ಕೊಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಮಾರನೆಯ ದಿನ ಕುರಿಗಳ ಮಧ್ಯೆ ಕೂತಿದ್ದಾಗ ಥಟ್ಟನೆ ಹೊಳೆಯಿತು. ಇಲ್ಲಿ ಪ್ರತಿ ಮನೆಯ ಕುರಿಗೂ ಕಿವಿಯಲ್ಲಿ ಒಂದೊಂದು ಗುರುತು. ಕಾಟಲಿಂಗಪ್ಪನವರ ಮನೆಯದು ಎಡಗಿವಿಯ ತುದಿಯಲ್ಲಿ ಸೀಳು, ಬಲಗಿವಿಯ ಅಂಚಿನಲ್ಲಿ ಒಂದು ಕಚ್ಚು. ಗುರುತಿರುವ ಕುರಿ ಎಷ್ಟು ದೂರ ತಪ್ಪಿಸಿಕೊಂಡರೂ ಇನ್ನೊಬ್ಬ ಕುರಿಯವನು ಅದನ್ನು ತನ್ನದೆನ್ನುವುದಿಲ್ಲ. ಕ್ಯಾಮೆರಾ ಕಟ್ಟಿದ ಪಟ್ಟಿಯ ಎರಡು ತುದಿಗಳು ಅಕ್ಕಪಕ್ಕ ಜೋಲುತ್ತವಲ್ಲ, ಥೇಟ್ ಕುರಿಯ ಕಿವಿ! ಹದಿನಾರಕ್ಕೂ ಎಡಕ್ಕೆ ಸೀಳು, ಬಲಕ್ಕೆ ಕಚ್ಚು ಹಾಕಿಬಿಟ್ಟರು. ಅಲ್ಲಿಂದ ಒಂದು ವರ್ಷ ಯಾರೂ ಮುಟ್ಟಲಿಲ್ಲ.

ಆಮೇಲೆ ಬೇಸಿಗೆಯ ಒಂದು ಮುಂಜಾನೆ ದೊಣೆಯ ದಾರಿಯ ಕ್ಯಾಮೆರಾ ಇರಲಿಲ್ಲ.

ಕಾಟಲಿಂಗಪ್ಪ ಮರದ ಸುತ್ತ ನೆಲವನ್ನೆಲ್ಲ ಹುಡುಕಿದರಂತೆ. ಕಳ್ಳರು ಪಟ್ಟಿ ಕತ್ತರಿಸಿ ತುಂಡು ಬಿಟ್ಟು ಹೋಗುತ್ತಾರೆ, ಇಲ್ಲಿ ತುಂಡೂ ಇರಲಿಲ್ಲ. ಯಾರೋ ಸಮಾಧಾನವಾಗಿ ಬಿಚ್ಚಿಕೊಂಡು ಹೋದಂತಿತ್ತು. ಅಂದರೆ ಗೊತ್ತಿದ್ದವರೇ? ನಮ್ಮವರೇ? ಆ ಅನುಮಾನವೇ ಅವರನ್ನು ತಿಂದುಹಾಕಿತು. ಫೋನ್ ಮಾಡಿ ತಿಳಿಸುವುದಕ್ಕೂ ಮುಂಚೆ ಜಾಲಿಮುಳ್ಳು ಎಳೆದು ತಂದು, ದಾರಿಯ ಬಾಯಿಗೆ ತಮ್ಮ ಕೈಯಾರೆ ಬೇಲಿ ಹಾಕಿದರು.

ಹಟ್ಟಿ ಹೊತ್ತಿಕೊಂಡಿತು. "ನಿನ್ ಪೆಟ್ಟಿಗೆ ಹೋದ್ರೆ ನಮ್ ಕುರಿ ಯಾಕಪ್ಪ ಬಾಯಾರ್ಬೇಕು?" ಎಂದರು ಹಿರಿಯರು. ದೊಣೆ ಬಿಟ್ಟರೆ ನೀರಿಗೆ ಇಡೀ ಗುಡ್ಡ ಬಳಸಿ ಹೋಗಬೇಕು. ಎಳೆಮರಿಗಳನ್ನು ಹೆಗಲ ಮೇಲೆ ಹೊತ್ತು ಆ ಸುಡುಬಿಸಿಲಲ್ಲಿ ನಡೆದವರು ಹೆಂಗಸರು. "ಮಾತು ಕೊಟ್ಟೋನು ನೀನು, ಸುತ್ತಾಕ್ಕೊಂಡ್ ಹೋಗೋಳು ನಾನು" ಎಂದ ಯಶೋದಮ್ಮ ಗಂಡನ ಜೊತೆ ಮಾತು ಬಿಟ್ಟರು. ಆದರೆ ಬೇಲಿಯ ಒಂದು ಮುಳ್ಳನ್ನೂ ಸರಿಸಲಿಲ್ಲ. ಯಾರಾದರೂ ಸರಿಸಲು ಹೋದರೆ ಬೈದು ಕಳಿಸಿದವರೂ ಅವರೇ.

ಬೇಸಿಗೆ ಮುಗಿಯುತ್ತ ಬಂದಾಗ, ಹೊಳಲ್ಕೆರೆ ಕಡೆಯಿಂದ ಮಂದೆ ಹೊಡೆದುಕೊಂಡು ಬಂದ ಕುರಿಯವನೊಬ್ಬ ಹಟ್ಟಿಯ ಹೊರಗೆ ನಿಂತು ಸುದ್ದಿ ಹೇಳಿದ. "ಕಾಟಲಿಂಗಣ್ಣ, ನಿಮ್ ಗುರುತಿಂದು ಒಂದು ಭರಮಸಾಗರದ ತಿಪ್ಪಯ್ಯನ ಮಂದೇಲಿ ಐತಂತೆ. ಮಂದೆ ಈಗ ಹೊಳಲ್ಕೆರೆ ತಾವ ಐತೆ, ಬಂದು ಕರ್ಕೊಂಡ್ ಹೋಗ್ಬೇಕಂತೆ."

"ನಮ್ ಕುರಿ ಎಲ್ಲಾ ಇಲ್ಲೇ ಅವೆ ಕಣಪ್ಪ" ಎಂದರು ಇವರು.

"ಕುರಿಯಲ್ಲಂತೆ. ಏನೋ ಕರ್ರಗೈತಂತೆ, ಮೇಯಲ್ಲಂತೆ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಕಾಟಲಿಂಗಪ್ಪ ಹಾಕಿದ ಅಂಗಿಯಲ್ಲೇ ಹೊಳಲ್ಕೆರೆ ಬಸ್ಸು ಹತ್ತಿದರು. ಮೆಕ್ಕೆಜೋಳ ಕೊಯ್ದ ಹೊಲವೊಂದರಲ್ಲಿ ತಿಪ್ಪಯ್ಯನ ಮಂದೆ ಬೀಡುಬಿಟ್ಟಿತ್ತು. ಬೇಸಿಗೆಯಲ್ಲಿ ಊರೂರು ಸುತ್ತಿ ಗೊಬ್ಬರಕ್ಕಾಗಿ ಹೊಲಗಳಲ್ಲಿ ಕುರಿ ನಿಲ್ಲಿಸುವ ಮನುಷ್ಯ ಅವರು. ಡೇರೆಯ ಮುಂದೆ ನೆಟ್ಟ ಗೂಟಕ್ಕೆ ಕ್ಯಾಮೆರಾ ಕಟ್ಟಿತ್ತು. ಬಿಸಿಲು ತಾಗದಿರಲೆಂದು ತಿಪ್ಪಯ್ಯನ ಹೆಂಡತಿ ಮಲ್ಲಕ್ಕ ಅದರ ನೆತ್ತಿಗೊಂದು ಕಂಬಳಿ ಚೂರು ಹೊದಿಸಿದ್ದರು.

ಇವರು ಬಾಯಿ ತೆರೆಯುವ ಮೊದಲೇ ತಿಪ್ಪಯ್ಯ ತರಾಟೆಗೆ ತೆಗೆದುಕೊಂಡರು. "ಏನಪ್ಪ, ಗುರುತು ಹಾಕಿದ್ಮೇಲೆ ಹಿಂಗೆ ಕಾಡಲ್ಲಿ ಬಿಟ್ ಬರ್ತಾರಾ? ಒಂಟಿಯಾಗಿ ಮರಕ್ಕೆ ಕಟ್ಟಾಕಿತ್ತು. ಮರೆತು ಹೋಗವ್ರೆ ಅಂತ ಬಿಚ್ಕೊಂಡ್ ಬಂದೆ. ಯಾರ ಗುರುತು, ಯಾರ ಗುರುತು ಅಂತ ಸಿಕ್ಕಿದ ಮಂದೇನೆಲ್ಲಾ ಕೇಳಿದೀನಿ. ಕುಂತ್ಕಳ್ರಿ, ಮೊದ್ಲು ಉಣ್ರಿ."

ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ ಎನ್ನುತ್ತಾರೆ ಕಾಟಲಿಂಗಪ್ಪ. ತಾವೇ ಹಾಕಿದ ಗುರುತು ಕಳ್ಳರನ್ನು ದೂರ ಇಟ್ಟಿತ್ತು, ಒಳ್ಳೆಯವರೊಬ್ಬರ ಕೈಯಲ್ಲಿ ಕ್ಯಾಮೆರಾವನ್ನು ಊರು ದಾಟಿಸಿತ್ತು. ಮಲ್ಲಕ್ಕ ಬಡಿಸಿದ ಮುದ್ದೆಯನ್ನು ಕಣ್ಣು ಒರೆಸಿಕೊಳ್ಳುತ್ತಲೇ ನುಂಗಿದರು. ಸಾರು ಖಾರವಾಯಿತೇನೋ ಎಂದು ಆಕೆ ಮಜ್ಜಿಗೆ ತಂದಿಟ್ಟರು.

ಕ್ಯಾಮೆರಾ ಅಷ್ಟೂ ದಿನ ಸುಮ್ಮನಿರಲಿಲ್ಲ. ಬ್ಯಾಟರಿ ಇರುವವರೆಗೂ ಕಂಡದ್ದನ್ನೆಲ್ಲ ತೆಗೆದಿತ್ತು. ಉಷಾರಾಣಿ ಕಂಪ್ಯೂಟರಿಗೆ ಹಾಕಿ ತೋರಿಸಿದಾಗ ಮೊದಲು ದೊಣೆಗೆ ಬಂದ ಕರಡಿ, ಅದರ ಬೆನ್ನ ಮೇಲೆ ಎರಡು ಮರಿ. ಆಮೇಲೆ ತಿಪ್ಪಯ್ಯನ ಗಡ್ಡ. ಆಮೇಲೆ ಕುರಿಯ ಕಾಲು, ಕುರಿಯ ಮೂತಿ, ಟಾರು ರಸ್ತೆ, ಮುದ್ದೆ ತಿರುವುವ ಮಲ್ಲಕ್ಕನ ಕೈಬಳೆ, ಮತ್ತೆ ಕುರಿಯ ಕಾಲು. ರಘುನಾಥ್ ನಕ್ಕು ನಕ್ಕು ಸುಸ್ತಾಗಿ, ಅದೇ ಸಂಜೆ ಬೈಕಿನಲ್ಲಿ ಬಂದು, ತಾವೇ ಒಂದು ಕಡೆ ಹಿಡಿದುಕೊಂಡು ಬೇಲಿ ತೆಗೆಸಿದರು. ಯಶೋದಮ್ಮ ಎಲ್ಲರಿಗೂ ಟೀ ಕೊಟ್ಟರು. ಗಂಡನಿಗೂ ಒಂದು ಲೋಟ ಕೊಟ್ಟರಂತೆ, ಮಾತಾಡದೆ.

ಗುರುತನ್ನು ಏನು ಮಾಡುವುದು ಎಂಬುದು ಹಟ್ಟಿಯ ಹಿರಿಯರ ಮುಂದೆ ಬಂತು. ಗುರುತು ಇರಲೇಬೇಕು, ಆದರೆ ಇನ್ನೊಬ್ಬ ತಿಪ್ಪಯ್ಯ ಬಿಚ್ಚಿಕೊಂಡು ಹೋಗಲೂಬಾರದು. ಈ ಹಟ್ಟಿಯಲ್ಲಿ ದೇವರಿಗೆ ಬಿಟ್ಟ ಕುರಿಯ ಕೊರಳಿಗೆ ಕರಿಯುಣ್ಣೆಯ ದಾರ ಕಟ್ಟುತ್ತಾರೆ. ಅದನ್ನು ಯಾರೂ ಅಟ್ಟುವುದಿಲ್ಲ, ಹಿಡಿದು ತರುವುದಿಲ್ಲ, ಎಲ್ಲಿ ನಿಂತರೂ ಅದು ಅದರ ಜಾಗವೇ. ಪೆಟ್ಟಿಗೆಗೆ ಆ ದಾರ ಕಟ್ಟಬಹುದೇ? ಒಬ್ಬರು ಆಗದು ಎಂದರು, ದೇವರ ಕುರಿ ಉಸಿರಾಡುತ್ತದೆ, ಇದು ಉಸಿರಾಡುವುದಿಲ್ಲ. ಇನ್ನೊಬ್ಬರು, ಇದೂ ಯಾರ ತಂಟೆಗೂ ಹೋಗುವುದಿಲ್ಲವಲ್ಲ ಎಂದರು. ವಾದ ಬಿಸಿಲೇರುವವರೆಗೂ ನಡೆಯಿತು. ಕೊನೆಗೆ ಹಿರಿಯಜ್ಜರೊಬ್ಬರು ಕಾಟಲಿಂಗಪ್ಪನವರನ್ನು ಕರೆದು ಕೇಳಿದ್ದು ಇಷ್ಟೇ: "ಲೇ, ಅದು ಕಾಡಿನ ಜೀವ ಉಳಿಸ್ತೈತೇನೋ?" ಇವರು ಹೌದೆಂದರು. "ಹಂಗಾದ್ರೆ ಕಟ್ಟು ಹೋಗು."

ಈಗ ಹದಿನಾರು ಪೆಟ್ಟಿಗೆಗಳಿಗೂ ಯಶೋದಮ್ಮ ಹೊಸೆದ ದಾರವಿದೆ. ಒಂದೂ ಕದಲಿಲ್ಲ. ಕುರಿಗಳು ಮತ್ತೆ ದೊಣೆಯ ದಾರಿ ಹಿಡಿದಿವೆ. ತಿಪ್ಪಯ್ಯ ಈ ಕಡೆ ಬಂದಾಗಲೆಲ್ಲ ದೂರದಿಂದಲೇ ಕ್ಯಾಮೆರಾಕ್ಕೆ ಕೈ ಬೀಸಿ ಹೋಗುತ್ತಾರೆ, ಅದರ ಫೋಟೊ ಪ್ರತಿಸಲವೂ ಸಿಗುತ್ತದೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಕಾಟಲಿಂಗಪ್ಪ ದೊಣೆಯ ದಾರಿಯ ಬಾಯಲ್ಲಿರುವ ತಗಡಿನ ಬೋರ್ಡು ತೋರಿಸುತ್ತಾರೆ. ಕ್ಯಾಮೆರಾ ಹೋದ ಬೇಸಿಗೆಯಲ್ಲಿ ಇಲಾಖೆಯವರು ನೆಟ್ಟದ್ದು. 'ಕ್ಯಾಮೆರಾ ಕಳ್ಳತನ ಶಿಕ್ಷಾರ್ಹ ಅಪರಾಧ' ಎಂದು ಕೆಂಪಕ್ಷರದಲ್ಲಿ ಬರೆದಿದೆ.

"ಕಿತ್ತಾಕ್ರಿ ಅನ್ನಲ್ಲ ನಾನು. ಉರುಳು ಹಾಕೋರು ರಸ್ತೆ ಕಡೆಯಿಂದ ಬರ್ತಾರೆ, ಅವರಿಗೆ ಬೇಕು ಅದು. ಆದ್ರೆ ಅದು ನಮ್ ಹಟ್ಟಿ ಕಡೆ ಮುಖ ಮಾಡ್ಕೊಂಡು ನಿಂತೈತೆ. ದಿನಾ ಬೆಳಿಗ್ಗೆ ನಮ್ ಹೆಣ್ಮಕ್ಳು ಅದನ್ನ ಓದ್ಕೊಂಡು ಕುರಿ ಹೊಡ್ಕೊಂಡ್ ಹೋಗ್ತಾರೆ. ಆ ಕಡೆ ತಿರುಗ್ಸಿ ನೆಟ್ರೆ ಸಾಕು."